ನೀರಿಗೇಕೆ ಬಾಂಬ್ ಇಟ್ಟರು? ಟೆಲಿಮಾರ್ಕ್ ಸಿನಿಮಾದ ಹಿಂದಿನ ನಿಜಕಥೆ

ಯುದ್ಧದ ಸಿನಿಮಾಗಳಲ್ಲಿ ನಾಯಕರು ಏನನ್ನು ಹಾರಿಸಲು ಹೊರಟಿದ್ದಾರೆ ಅನ್ನುವುದು ನಮಗೆ ಮೊದಲ ಹತ್ತು ನಿಮಿಷದಲ್ಲೇ ತಿಳಿದುಬಿಡುತ್ತದೆ. ಸೇತುವೆ ಇರುತ್ತದೆ, ಇಲ್ಲವೇ ಬೆಟ್ಟದ ಮೇಲೆ ಕೂತ ಫಿರಂಗಿ ಇರುತ್ತದೆ, ಇಲ್ಲವೇ ಮದ್ದಿನ ಗೋದಾಮು. ನೋಡಿದರೇ ಅಪಾಯ ಗೊತ್ತಾಗುತ್ತದೆ. ಆದರೆ 1965ರಲ್ಲಿ ಬಂದ ‘ದಿ ಹೀರೋಸ್ ಆಫ್ ಟೆಲಿಮಾರ್ಕ್’ ಸಿನಿಮಾದಲ್ಲಿ ಹಾಗಿಲ್ಲ. ಕರ್ಕ್ ಡಗ್ಲಸ್ ಮತ್ತು ರಿಚರ್ಡ್ ಹ್ಯಾರಿಸ್ ಹಿಮದಲ್ಲಿ ಸ್ಕೀ ಕಟ್ಟಿಕೊಂಡು, ಜರ್ಮನ್ನರ ಕಣ್ಣು ತಪ್ಪಿಸಿ, ಪ್ರಾಣ ಒತ್ತೆಯಿಟ್ಟು ಹೋಗುವುದು ಒಂದು ಕಾರ್ಖಾನೆಯ ನೆಲಮಾಳಿಗೆಗೆ. ಅಲ್ಲಿರುವುದು ನೀರು. ಬಣ್ಣವಿಲ್ಲ, ವಾಸನೆಯಿಲ್ಲ, ವಿಷವೂ ಅಲ್ಲ, ಬೆಂಕಿ ಹತ್ತುವಂಥದ್ದೂ ಅಲ್ಲ.

ಮೊದಲ ಸಲ ನೋಡಿದಾಗ ನನಗೆ ಇದೇ ಸಿಕ್ಕಿಹಾಕಿಕೊಂಡಿತ್ತು. ಅಷ್ಟು ಜನ ಸಾಯಲು ಸಿದ್ಧವಾಗುವಂಥದ್ದು ಆ ನೀರಿನಲ್ಲಿ ಏನಿತ್ತು? ಸಿನಿಮಾದಲ್ಲಿ ಒಬ್ಬ ವಿಜ್ಞಾನಿ ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಅದು ಸಾಲುವುದಿಲ್ಲ. ನೀರಿನ ವಿಷಯ ಅರ್ಥವಾಗದಿದ್ದರೆ, ಆ ಕೊನೆಯ ಹಡಗಿನ ದೃಶ್ಯದ ಭಾರ ನಮಗೆ ತಟ್ಟುವುದೇ ಇಲ್ಲ. ಹಾಗಾಗಿ ನೀರಿನಿಂದಲೇ ಶುರು ಮಾಡೋಣ.

ನೀರು ಅಂದರೆ ಹೈಡ್ರೋಜನ್ ಮತ್ತು ಆಮ್ಲಜನಕ. ಎಲ್ಲ ಹೈಡ್ರೋಜನ್ ಒಂದೇ ತೂಕದ್ದಲ್ಲ. ಸುಮಾರು 6,400 ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಮಾತ್ರ ಎರಡು ಪಟ್ಟು ತೂಗುತ್ತದೆ. ಅದರ ನಡುವಿನಲ್ಲಿ ಒಂದು ನ್ಯೂಟ್ರಾನ್ ಜಾಸ್ತಿ ಇರುತ್ತದೆ. ಅದಕ್ಕೆ ಡ್ಯುಟೀರಿಯಂ ಅಂತ ಹೆಸರು. 1931ರಲ್ಲಿ ಇದನ್ನು ಪತ್ತೆಹಚ್ಚಿದ ಅಮೆರಿಕದ ಹೆರಾಲ್ಡ್ ಯೂರಿ ಅವರಿಗೆ 1934ರಲ್ಲಿ ನೊಬೆಲ್ ಬಂತು. ಡ್ಯುಟೀರಿಯಂ ಇರುವ ನೀರೇ ಭಾರಜಲ, ಅಂದರೆ ಹೆವಿ ವಾಟರ್. ಮಾಮೂಲಿ ನೀರಿಗಿಂತ ಶೇಕಡ 11ರಷ್ಟು ತೂಕ ಜಾಸ್ತಿ. 0 ಡಿಗ್ರಿಗೆ ಬದಲು 3.8 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ. ಭಾರಜಲದ ಐಸ್ ತುಂಡನ್ನು ಒಂದು ಲೋಟ ನೀರಿಗೆ ಹಾಕಿದರೆ ತೇಲುವುದಿಲ್ಲ, ಕಲ್ಲಿನ ಹಾಗೆ ತಳಕ್ಕೆ ಇಳಿಯುತ್ತದೆ.

ನಮ್ಮ ಮನೆಯ ನೀರಿನಲ್ಲೂ ಇದು ಇದೆ. 15 ಲೀಟರಿನ ಒಂದು ಕೊಡ ತುಂಬಿಟ್ಟರೆ, ಅದರಲ್ಲಿರುವ ಡ್ಯುಟೀರಿಯಂ ಅನ್ನೆಲ್ಲ ಒಟ್ಟು ಮಾಡಿದಾಗ ಸಿಗುವ ಭಾರಜಲ ಸುಮಾರು ಅರ್ಧ ಟೀ ಚಮಚ. ಅಷ್ಟೇ. ಅದನ್ನು ಬೇರ್ಪಡಿಸುವುದು ಮಾತ್ರ ಬಲು ಕಷ್ಟದ ಕೆಲಸ.

ಇದು ಯಾಕೆ ಬೇಕಿತ್ತು? 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಆಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂ ಮೇಲೆ ಪ್ರಯೋಗ ಮಾಡುತ್ತಿದ್ದರು. ನ್ಯೂಟ್ರಾನ್ ಬಡಿದಾಗ ಯುರೇನಿಯಂ ಪರಮಾಣು ಎರಡು ಹೋಳಾಗುತ್ತಿತ್ತು. ಹಾಗೆ ಒಡೆಯುವಾಗ ಶಕ್ತಿಯ ಜೊತೆಗೆ ಇನ್ನೆರಡು ಮೂರು ನ್ಯೂಟ್ರಾನ್ ಹೊರಬರುತ್ತವೆ. ಅವು ಮತ್ತೆ ಬೇರೆ ಪರಮಾಣುಗಳನ್ನು ಒಡೆದರೆ? ಪಟಾಕಿ ಸರ ಹತ್ತಿಕೊಂಡ ಹಾಗೆ. ಸರಪಳಿ ಕ್ರಿಯೆ ಅನ್ನುವುದು ಇದಕ್ಕೇ.

ಆದರೆ ಒಂದು ತೊಡಕು ಇತ್ತು. ಗಣಿಯಿಂದ ಬರುವ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಜಾತಿ, ಯುರೇನಿಯಂ-235, ಶೇಕಡ 0.7 ಮಾತ್ರ. ಹೊರಬರುವ ನ್ಯೂಟ್ರಾನ್‌ಗಳ ವೇಗವೋ ಅತಿ ಹೆಚ್ಚು. ಅಷ್ಟು ವೇಗದಲ್ಲಿ ಹೋದರೆ ಅವು ಆ ಶೇಕಡ 0.7ಕ್ಕೆ ಸಿಗದೆ ಪಾರಾಗುತ್ತವೆ, ಇಲ್ಲವೇ ಉಳಿದ ಯುರೇನಿಯಂ ಅವನ್ನು ನುಂಗಿಬಿಡುತ್ತದೆ. ಹಾಗಾಗಿ ಅವನ್ನು ನಿಧಾನ ಮಾಡಬೇಕು. ನಿಧಾನ ಮಾಡುವ ವಸ್ತುವೇ ಮಾಡರೇಟರ್, ನಮ್ಮ ಪಠ್ಯಪುಸ್ತಕದ ಮಾತಿನಲ್ಲಿ ಮಂದಕ.

ಗೋಲಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೋಲಿಯನ್ನು ಗೋಡೆಗೆ ಹೊಡೆದರೆ ಅದೇ ವೇಗದಲ್ಲಿ ತಿರುಗಿ ಬರುತ್ತದೆ. ಅದೇ ಗೋಲಿ ತನ್ನಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ? ಹೊಡೆದದ್ದು ಅಲ್ಲೇ ನಿಲ್ಲುತ್ತದೆ, ಹೊಡೆಸಿಕೊಂಡದ್ದು ಓಡುತ್ತದೆ. ನ್ಯೂಟ್ರಾನಿನ ವೇಗ ಕಸಿಯಲು ಅದರಷ್ಟೇ ತೂಕದ ಗೋಲಿ ಬೇಕು. ಮಾಮೂಲಿ ಹೈಡ್ರೋಜನ್ ಸರಿಯಾಗಿ ಅಷ್ಟೇ ತೂಗುತ್ತದೆ. ಹಾಗಾದರೆ ಮಾಮೂಲಿ ನೀರೇ ಸಾಕಲ್ವಾ? ಸಾಲುವುದಿಲ್ಲ. ಮಾಮೂಲಿ ಹೈಡ್ರೋಜನ್ ನ್ಯೂಟ್ರಾನನ್ನು ನಿಧಾನ ಮಾಡುವುದರ ಜೊತೆಗೆ ಆಗಾಗ ನುಂಗಿಯೂ ಬಿಡುತ್ತದೆ. ಡ್ಯುಟೀರಿಯಂ ಹೊಟ್ಟೆಯಲ್ಲಿ ಆಗಲೇ ಒಂದು ನ್ಯೂಟ್ರಾನ್ ಇದೆ. ಅದಕ್ಕೆ ಇನ್ನೊಂದರ ಹಸಿವು ತೀರಾ ಕಡಿಮೆ. ನಿಧಾನ ಮಾಡಿ ಬಿಟ್ಟುಬಿಡುತ್ತದೆ. ಭಾರಜಲದ ಬೆಲೆಯೆಲ್ಲ ಇರುವುದು ಇಷ್ಟರಲ್ಲೇ.

ಇದು ನಮಗೆ ದೂರದ ವಿಷಯವೂ ಅಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಕಾಳಿ ನದಿಯ ದಂಡೆಯ ಮೇಲಿರುವ 220 ಮೆಗಾವಾಟಿನ ನಾಲ್ಕು ಘಟಕಗಳು ನಡೆಯುತ್ತಿರುವುದು ಇದೇ ಭಾರಜಲದಿಂದ, ಇದೇ ಗೋಲಿ ಲೆಕ್ಕದ ಮೇಲೆ. ಅಲ್ಲಿ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಮಾತು.

ಮಂದಕಕ್ಕೆ ಇನ್ನೊಂದು ದಾರಿಯೂ ಇತ್ತು: ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಇಂಗಾಲ. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಎನ್ರಿಕೋ ಫರ್ಮಿ ಜಗತ್ತಿನ ಮೊದಲ ರಿಯಾಕ್ಟರ್ ನಡೆಸಿದ್ದು ಗ್ರಾಫೈಟ್‌ನಿಂದಲೇ. ಜರ್ಮನಿಯಲ್ಲೂ ವಾಲ್ಟರ್ ಬೋಥೆ ಗ್ರಾಫೈಟನ್ನು ಪರೀಕ್ಷಿಸಿದ್ದರು. ಅವರ ಅಳತೆಯಲ್ಲಿ ಅದು ನ್ಯೂಟ್ರಾನನ್ನು ಜಾಸ್ತಿ ನುಂಗುತ್ತಿರುವಂತೆ ಕಂಡಿತು. ಗ್ರಾಫೈಟ್‌ನಲ್ಲಿ ಸೇರಿಕೊಂಡಿದ್ದ ಕಲ್ಮಶದ ಕೆಲಸ ಅದು. ಜರ್ಮನ್ನರು ಭಾರಜಲವನ್ನೇ ನಂಬಿಕೊಂಡರು. ಭಾರಜಲದ ರಿಯಾಕ್ಟರ್ ನಡೆದರೆ ಅದರೊಳಗಿನ ಯುರೇನಿಯಂ-238 ಪ್ಲುಟೋನಿಯಂ ಆಗಿ ಬದಲಾಗುತ್ತದೆ. ಪ್ಲುಟೋನಿಯಂ ಸಿಕ್ಕರೆ ಬಾಂಬಿಗೆ ದಾರಿ. ನಾಗಸಾಕಿಯ ಮೇಲೆ ಬಿದ್ದದ್ದು ಪ್ಲುಟೋನಿಯಂ ಬಾಂಬು.

ಅಷ್ಟು ಭಾರಜಲ ಆಗ ಸಿಗುತ್ತಿದ್ದ ಜಾಗ ಇಡೀ ಜಗತ್ತಿನಲ್ಲಿ ಒಂದೇ ಒಂದು. ನಾರ್ವೆಯ ಟೆಲಿಮಾರ್ಕ್ ಪ್ರಾಂತ್ಯದ ವೆಮೊರ್ಕ್.

ವೆಮೊರ್ಕ್ ಇರುವುದು ರ್ಯೂಕನ್ ಪಟ್ಟಣದ ಹತ್ತಿರ. ಅಲ್ಲಿನ ಜಲಪಾತಕ್ಕೆ ರ್ಯೂಕನ್‌ಫೊಸ್ ಅಂತ ಹೆಸರು. ನಾರ್ವೆ ಭಾಷೆಯಲ್ಲಿ ‘ಹೊಗೆಯಾಡುವ ಜಲಪಾತ’ ಎಂದರ್ಥ. ನಮ್ಮ ಕಾವೇರಿ ಹೊಗೇನಕಲ್ಲಿನಲ್ಲಿ ಧುಮುಕುವುದನ್ನು ನೋಡಿದವರು ಇಟ್ಟ ಹೆಸರನ್ನೇ, ಸಾವಿರಾರು ಮೈಲಿ ದೂರದಲ್ಲಿ ಇನ್ಯಾರೋ ಇಟ್ಟಿದ್ದಾರೆ. ಆ ನೀರಿನಿಂದ 1911ರಲ್ಲಿ ಶುರುವಾದ ವಿದ್ಯುತ್ ಕೇಂದ್ರ ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಕರೆಂಟು ಯಥೇಚ್ಛವಾಗಿ ಇದ್ದುದರಿಂದ ನಾರ್ಸ್ಕ್ ಹೈಡ್ರೋ ಕಂಪನಿ ಅಲ್ಲಿ ನೀರಿಗೆ ಕರೆಂಟು ಹಾಯಿಸಿ, ಒಡೆದು, ಹೈಡ್ರೋಜನ್ ತೆಗೆಯುತ್ತಿತ್ತು. ಗೊಬ್ಬರ ಮಾಡಲು ಅದು ಬೇಕಿತ್ತು.

ಹೀಗೆ ಒಡೆಯುವಾಗ ಹಗುರ ಹೈಡ್ರೋಜನ್ ಬೇಗ ಹೊರಗೆ ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕುದಿಸುತ್ತಾ ಹೋದ ಹಾಗೆ, ಕೊಪ್ಪರಿಗೆಯ ತಳದಲ್ಲಿ ಉಳಿಯುವುದು ಗಟ್ಟಿಯಾಗುತ್ತಾ ಹೋಗುತ್ತದೆ. ಇದನ್ನು ಗಮನಿಸಿ ಭಾರಜಲದ ಘಟಕವನ್ನು ರೂಪಿಸಿದವರು ಲೈಫ್ ಟ್ರೊನ್‌ಸ್ಟಾಡ್ ಎಂಬ ಪ್ರೊಫೆಸರ್ ಮತ್ತು ಕಂಪನಿಯ ಇಂಜಿನಿಯರ್ ಯೂಮಾರ್ ಬ್ರೂನ್. 1934ರಲ್ಲಿ ಉತ್ಪಾದನೆ ಶುರುವಾಯಿತು. ಆಗ ಇದನ್ನು ಕೊಳ್ಳುತ್ತಿದ್ದವರು ಪ್ರಯೋಗಾಲಯದವರು ಮಾತ್ರ. ಈ ಇಬ್ಬರ ಹೆಸರನ್ನು ನೆನಪಿಟ್ಟುಕೊಳ್ಳಿ. ತಾವೇ ಕಟ್ಟಿದ ಘಟಕವನ್ನು ಹೇಗೆ ಒಡೆಯಬೇಕು ಅಂತ ಮುಂದೆ ಹೇಳಿಕೊಟ್ಟವರೂ ಇವರೇ.

1940ರ ಮಾರ್ಚಿನಲ್ಲಿ, ಜರ್ಮನ್ನರು ನಾರ್ವೆಗೆ ನುಗ್ಗುವ ಕೆಲವೇ ವಾರ ಮೊದಲು, ಫ್ರಾನ್ಸಿನ ಗುಪ್ತಚರ ವಿಭಾಗದ ಜಾಕ್ ಅಲಿಯೇ ಅಲ್ಲಿದ್ದ 185 ಕೆಜಿ ಭಾರಜಲವನ್ನು ಗುಟ್ಟಾಗಿ ಸಾಗಿಸಿದ್ದರು. ಏಪ್ರಿಲ್ 9ರಂದು ನಾರ್ವೆಯ ಮೇಲೆ ದಾಳಿಯಾಯಿತು. ವೆಮೊರ್ಕ್ ಜರ್ಮನ್ನರ ಕೈಸೇರಿತು. ಉತ್ಪಾದನೆ ಜಾಸ್ತಿ ಮಾಡಿ ಎಂಬ ಆದೇಶ ಬರತೊಡಗಿದಾಗ ಬ್ರಿಟನ್ನಿನಲ್ಲಿ ಕೂತವರ ನಿದ್ದೆ ಹಾರಿತು. 1941ರಲ್ಲಿ ಟ್ರೊನ್‌ಸ್ಟಾಡ್, ಮರುವರ್ಷ ಬ್ರೂನ್, ಇಬ್ಬರೂ ತಪ್ಪಿಸಿಕೊಂಡು ಬ್ರಿಟನ್ ಸೇರಿದರು. ಕಾರ್ಖಾನೆಯ ಒಂದೊಂದು ಬಾಗಿಲೂ ಅವರಿಗೆ ಗೊತ್ತಿತ್ತು.

ಮೊದಲು ಹೋದವರು ನಾಲ್ವರು ನಾರ್ವೆ ಯುವಕರು. ಯೆನ್ಸ್ ಆಂಟೊನ್ ಪೌಲ್ಸನ್ ಅವರ ನಾಯಕ. 1942ರ ಅಕ್ಟೋಬರ್ 18ರಂದು ಹಾರ್ಡಾಂಗರ್‌ವಿದ್ದಾ ಎಂಬ ಬಟ್ಟಬಯಲಿನ ಹಿಮದ ಮೇಲೆ ಪ್ಯಾರಾಚೂಟ್‌ನಲ್ಲಿ ಇಳಿದರು. ಬ್ರಿಟಿಷ್ ಸೈನಿಕರಿಗೆ ದಾರಿ ಸಿದ್ಧಮಾಡುವುದು ಅವರ ಕೆಲಸ.

ನವೆಂಬರ್ 19ರ ರಾತ್ರಿ ಆ ಸೈನಿಕರು ಹೊರಟರು. ಎರಡು ಹ್ಯಾಲಿಫ್ಯಾಕ್ಸ್ ವಿಮಾನಗಳು, ಒಂದೊಂದರ ಹಿಂದೆ ಹಗ್ಗದಲ್ಲಿ ಕಟ್ಟಿದ ಒಂದೊಂದು ಗ್ಲೈಡರ್. ಇಂಜಿನ್ ಇಲ್ಲದ ಮರದ ವಿಮಾನಗಳು ಅವು. ಎರಡು ಗ್ಲೈಡರ್‌ಗಳಲ್ಲಿ ಒಟ್ಟು 34 ಜನ. ಹವಾಮಾನ ಕೆಟ್ಟಿತು. ಎರಡೂ ಗ್ಲೈಡರ್ ಗುರಿ ತಲುಪದೆ ಬೆಟ್ಟಗಳಿಗೆ ಅಪ್ಪಳಿಸಿದವು, ಒಂದು ಹ್ಯಾಲಿಫ್ಯಾಕ್ಸ್ ಕೂಡ ಬೆಟ್ಟಕ್ಕೆ ಬಡಿಯಿತು. ಬಿದ್ದ ಮೇಲೂ ಬದುಕಿದ್ದವರು ಜರ್ಮನ್ನರ ಕೈಗೆ ಸಿಕ್ಕರು. ಅವರು ಸಮವಸ್ತ್ರದಲ್ಲಿದ್ದ ಸೈನಿಕರು. ಆದರೂ, ಕಮಾಂಡೋಗಳನ್ನು ಜೀವಂತ ಬಿಡಬೇಡಿ ಎಂಬ ಹಿಟ್ಲರನ ಆದೇಶದ ಪ್ರಕಾರ ಎಲ್ಲರನ್ನೂ ಕೊಂದರು. ವಿಮಾನದ ಸಿಬ್ಬಂದಿಯೂ ಸೇರಿ ಆ ರಾತ್ರಿಯ ಲೆಕ್ಕ 41 ಜೀವ.

ಬಯಲಿನಲ್ಲಿ ಕಾಯುತ್ತಿದ್ದ ನಾಲ್ವರಿಗೆ ಇಡೀ ಚಳಿಗಾಲ ಅಲ್ಲೇ ಬದುಕುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ತಂದ ಆಹಾರ ಮುಗಿಯಿತು. ಹಿಮದ ಅಡಿಯ ಪಾಚಿ ಕೆರೆದು ತಿಂದರು. ಕ್ರಿಸ್ಮಸ್ ಹತ್ತಿರ ಬಂದಾಗ ಪೌಲ್ಸನ್ ಒಂದು ಹಿಮಸಾರಂಗವನ್ನು ಹೊಡೆದ. ಮಾಂಸ ಮಾತ್ರವಲ್ಲ, ಅದರ ಹೊಟ್ಟೆಯಲ್ಲಿ ಅರೆ ಜೀರ್ಣವಾಗಿದ್ದ ಪಾಚಿಯನ್ನೂ ಬಿಡದೆ ತಿಂದರು. ಸೊಪ್ಪು ತರಕಾರಿ ಕಾಣದ ದೇಹಕ್ಕೆ ಬೇಕಾದ ಸತ್ವ ಸಿಗುತ್ತಿದ್ದದ್ದು ಅದರಿಂದಲೇ. ಸಿನಿಮಾಗಳು ಸಾಹಸವನ್ನು ತೋರಿಸುತ್ತವೆ, ಹಸಿವನ್ನು ತೋರಿಸಲು ಅವಕ್ಕೆ ಸಮಯ ಸಾಲುವುದಿಲ್ಲ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ದೊಡ್ಡದಾಗಿ ಕಾಣುವುದು ಆ ನಾಲ್ಕು ತಿಂಗಳು. ಗುಂಡು ಹಾರಿಸದೆ, ಯಾರ ಕಣ್ಣಿಗೂ ಬೀಳದೆ, ಒಂದು ಗುಡಿಸಿಲಿನಲ್ಲಿ ಕಾದು ಕೂತದ್ದು.

1943ರ ಫೆಬ್ರವರಿ 16ರಂದು ಇನ್ನೂ ಆರು ಜನ ಬಂದಿಳಿದರು. ಈ ಸಲ ಎಲ್ಲರೂ ನಾರ್ವೆಯವರೇ. ನಾಯಕ ಯೊಆಕಿಮ್ ರೊನ್ನೆಬರ್ಗ್‌ಗೆ ಆಗ 23 ವರ್ಷ. ಇಳಿದ ಕೂಡಲೇ ಹಿಮಬಿರುಗಾಳಿ ಹಿಡಿಯಿತು. ಅದು ಬಿಟ್ಟ ಮೇಲೆ ಹುಡುಕಿಕೊಂಡು ಹೋಗಿ ಮೊದಲಿನವರನ್ನು ಸೇರಿದರು. ಬ್ರಿಟನ್ನಿನಲ್ಲಿ ಇವರಿಗೆ ತರಬೇತಿ ಕೊಟ್ಟ ರೀತಿ ಕೇಳಿ. ಬ್ರೂನ್ ಮತ್ತು ಟ್ರೊನ್‌ಸ್ಟಾಡ್ ಕೊಟ್ಟ ವಿವರದಿಂದ ಭಾರಜಲದ ಡಬ್ಬಿಗಳ ಮಾದರಿಯನ್ನೇ ಮಾಡಿ ನಿಲ್ಲಿಸಿದ್ದರು. ಒಟ್ಟು 18 ಡಬ್ಬಿ. ಕತ್ತಲಲ್ಲೂ ಕೈ ತಪ್ಪದ ಹಾಗೆ ಒಂದೊಂದರ ತಳಕ್ಕೂ ಸಿಡಿಮದ್ದು ಕಟ್ಟುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ್ದರು. ಸಿಕ್ಕಿಬಿದ್ದರೆ ನುಂಗಲು ಸಯನೈಡ್ ಗುಳಿಗೆಯನ್ನೂ ಕೊಟ್ಟಿದ್ದರು.

ವೆಮೊರ್ಕ್ ಕಾರ್ಖಾನೆ ಒಂದು ಕಡಿದಾದ ಕಣಿವೆಯ ಅಂಚಿನಲ್ಲಿ ಕೂತಿದೆ. ಒಳಹೋಗಲು ತೂಗುಸೇತುವೆ, ಅದರ ಮೇಲೆ ಜರ್ಮನ್ ಕಾವಲು. ಕೆಳಗೆ ಸುಮಾರು 200 ಮೀಟರ್ ಆಳ. ಈ ಕಣಿವೆಯನ್ನು ಯಾರೂ ಹತ್ತಿ ಬರಲಾರರು ಅನ್ನುವುದು ಜರ್ಮನ್ನರ ನಂಬಿಕೆ. ಆದರೆ ವಿಮಾನದಿಂದ ತೆಗೆದ ಫೋಟೋದಲ್ಲಿ ಆ ಬಂಡೆಗಳ ಮೇಲೆ ಗಿಡಮರ ಕಂಡವು. ಗಿಡ ಬೆಳೆಯುವ ಕಡೆ ಮನುಷ್ಯನೂ ಹತ್ತಬಹುದು ಅನ್ನುವುದು ನಾರ್ವೆ ತಂಡದವರ ಲೆಕ್ಕ. ಕ್ಲೌಸ್ ಹೆಲ್‌ಬರ್ಗ್ ಹಗಲಿನಲ್ಲಿ ಹೋಗಿ ದಾರಿ ನೋಡಿಕೊಂಡು ಬಂದ. ಇಳಿಯಬಹುದು, ಹೆಪ್ಪುಗಟ್ಟಿದ ನದಿ ದಾಟಬಹುದು, ಆಚೆ ದಡ ಹತ್ತಿದರೆ ಕಾರ್ಖಾನೆಗೆ ಹೋಗುವ ರೈಲು ಹಳಿ ಸಿಗುತ್ತದೆ. ಸೇತುವೆಯ ಕಾವಲುಗಾರರನ್ನು ಕೊಂದು ಹೋಗುವುದಕ್ಕಿಂತ ಇದೇ ವಾಸಿ ಅಂತ ತೀರ್ಮಾನವಾಯಿತು. ಕೊಂದರೆ ಸೇಡು ಬೀಳುವುದು ಊರಿನವರ ಮೇಲೆ.

ಫೆಬ್ರವರಿ 27ರ ರಾತ್ರಿ ಒಂಬತ್ತು ಜನ ಇಳಿದು, ದಾಟಿ, ಹತ್ತಿದರು. ಗೇಟಿನ ಸರಪಳಿಯನ್ನು ಕತ್ತರಿಸಿದ್ದು ರೊನ್ನೆಬರ್ಗ್ ಕೇಂಬ್ರಿಜ್‌ನ ಒಂದು ಅಂಗಡಿಯಲ್ಲಿ ಕೊಂಡು ತಂದಿದ್ದ ಕತ್ತರಿಯಿಂದ. ಐವರು ಹೊರಗೆ ಕಾವಲು ನಿಂತರು, ನಾಲ್ವರ ಮೇಲೆ ಒಳಗಿನ ಕೆಲಸ. ಬಾಗಿಲುಗಳಿಗೆ ಬೀಗ ಇತ್ತು. ರೊನ್ನೆಬರ್ಗ್ ಮತ್ತು ಫ್ರೆಡ್ರಿಕ್ ಕೈಸರ್ ಕೇಬಲ್ಲುಗಳು ಹಾದುಹೋಗುವ ಇಕ್ಕಟ್ಟಾದ ಸುರಂಗದಲ್ಲಿ ತೆವಳಿಕೊಂಡು ನೆಲಮಾಳಿಗೆಗೆ ಇಳಿದರು.

ಅಲ್ಲಿ ರಾತ್ರಿ ಪಾಳಿಯ ಒಬ್ಬ ನಾರ್ವೆ ಕೆಲಸಗಾರ ಕೂತಿದ್ದ. ಕೈಸರ್ ಅವನಿಗೆ ಬಂದೂಕು ಹಿಡಿದು ನಿಂತ. ರೊನ್ನೆಬರ್ಗ್ ಡಬ್ಬಿಗಳ ತಳಕ್ಕೆ ಸಿಡಿಮದ್ದು ಕಟ್ಟತೊಡಗಿದ. ಅಷ್ಟರಲ್ಲಿ ಬಿರ್ಗರ್ ಸ್ಟ್ರೋಮ್ಸ್‌ಹೈಮ್ ಕಿಟಕಿ ಒಡೆದು ಒಳಬಂದ, ಇಬ್ಬರೂ ಸೇರಿ ಮುಗಿಸಿದರು. ಎರಡು ನಿಮಿಷದ ಬತ್ತಿ ಇತ್ತು. ಎರಡು ನಿಮಿಷದಲ್ಲಿ ಯಾರಾದರೂ ಬಂದು ಆರಿಸಿಬಿಡಬಹುದು. ರೊನ್ನೆಬರ್ಗ್ ಅದನ್ನು ಕತ್ತರಿಸಿ ಅರ್ಧ ನಿಮಿಷಕ್ಕೆ ಇಳಿಸಿದ. ಒಳಗಿದ್ದವರು ಓಡಿ ಹೊರಗೆ ಹೋಗಲು ಸಿಗುವುದು ಅಷ್ಟೇ ಸಮಯ.

ಕಡ್ಡಿ ಗೀರಬೇಕು ಅನ್ನುವಾಗ ಆ ಕೆಲಸಗಾರ ಬಾಯಿಬಿಟ್ಟ. ಸ್ವಲ್ಪ ತಡೆಯಿರಿ, ನನ್ನ ಕನ್ನಡಕ ಇಲ್ಲೇ ಎಲ್ಲೋ ಇದೆ, ಈ ಯುದ್ಧಕಾಲದಲ್ಲಿ ಇನ್ನೊಂದು ಸಿಗುವುದಿಲ್ಲ ಅಂದ. ಯೋಚಿಸಿ. ಹೊರಗೆ ಜರ್ಮನ್ ಸೈನಿಕರ ಬಿಡಾರ, ಒಳಗೆ ಸಿಡಿಯಲು ಸಿದ್ಧವಾದ ಮದ್ದು. ರೊನ್ನೆಬರ್ಗ್ ಕೆಲಸ ನಿಲ್ಲಿಸಿ ಮೇಜಿನ ಮೇಲೆ ಹುಡುಕಿ ಕನ್ನಡಕದ ಡಬ್ಬಿ ಕೊಟ್ಟ. ಮತ್ತೆ ಬತ್ತಿ ಹಚ್ಚಲು ಬಾಗಿದ. ಡಬ್ಬಿ ಖಾಲಿ ಇದೆ, ಕನ್ನಡಕ ಇದರಲ್ಲಿಲ್ಲ ಅಂದ ಆ ಮನುಷ್ಯ. ರೊನ್ನೆಬರ್ಗ್ ಮತ್ತೆ ಹುಡುಕಿ, ಕನ್ನಡಕ ಹುಡುಕಿಯೇ ಕೊಟ್ಟ. ಆಮೇಲೆ ಬತ್ತಿಗೆ ಬೆಂಕಿ. ಕೆಲಸಗಾರನಿಗೆ ಮೆಟ್ಟಿಲು ಹತ್ತಿ ಓಡಲು ಹೇಳಿ ಇವರು ಹೊರಗೆ ಜಿಗಿದರು.

ಸದ್ದು ದೊಡ್ಡದಾಗಿ ಬರಲಿಲ್ಲ. ದಪ್ಪ ಗೋಡೆಯ ಕಟ್ಟಡ, ಪಕ್ಕದಲ್ಲಿ ಯಂತ್ರಗಳ ಗದ್ದಲ. ಒಬ್ಬ ಜರ್ಮನ್ ಸೈನಿಕ ಬಿಡಾರದಿಂದ ಹೊರಬಂದು, ಬ್ಯಾಟರಿ ಬಿಟ್ಟು ಅತ್ತಿತ್ತ ನೋಡಿದ. ಕತ್ತಲಲ್ಲಿ ಪೌಲ್ಸನ್ ಬಂದೂಕು ಗುರಿಯಿಟ್ಟು ನಿಂತಿದ್ದ, ಪಕ್ಕದಲ್ಲಿ ಕ್ನೂಟ್ ಹೌಕೆಲಿದ್. ಗುಂಡು ಹಾರಿಸಲಿಲ್ಲ. ಸೈನಿಕ ಒಳಗೆ ಹೋದ. ನೆಲಮಾಳಿಗೆಯಲ್ಲಿ 18 ಡಬ್ಬಿಗಳ ತಳ ಕಿತ್ತುಹೋಗಿ, ಸುಮಾರು 500 ಕೆಜಿ ಭಾರಜಲ ನೆಲದ ಮೇಲೆ ಹರಿದು ಚರಂಡಿ ಸೇರಿತ್ತು. ತಿಂಗಳುಗಟ್ಟಲೆಯ ಉತ್ಪಾದನೆ ಅದು. ಒಂದು ಜೀವವೂ ಹೋಗಲಿಲ್ಲ, ಒಂದು ಗುಂಡೂ ಹಾರಲಿಲ್ಲ. ಒಂದು ಬ್ರಿಟಿಷ್ ಬಂದೂಕನ್ನು ಬೇಕೆಂದೇ ಅಲ್ಲಿ ಬಿಟ್ಟು ಬಂದಿದ್ದರು. ಇದು ಊರಿನವರ ಕೆಲಸವಲ್ಲ, ಬ್ರಿಟನ್ನಿನಿಂದ ಬಂದ ಸೈನಿಕರದ್ದು ಅಂತ ಜರ್ಮನ್ನರಿಗೆ ತಿಳಿಯಲಿ ಎಂದು.

ರ್ಯೂಕನ್ ಕಣಿವೆಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲು ಬೀಳುವುದಿಲ್ಲ. ಊರಿನವರು ಮೇಲೆ ಹೋಗಿ ಸೂರ್ಯನನ್ನು ನೋಡಿ ಬರಲಿ ಎಂದು ಕಂಪನಿ 1928ರಲ್ಲಿ ಒಂದು ರೋಪ್‌ವೇ ಹಾಕಿಸಿತ್ತು. ಆ ರಾತ್ರಿ ಒಂಬತ್ತು ಜನ ಅದರ ಅಡಿಯ ಅಂಕುಡೊಂಕು ದಾರಿಯಲ್ಲೇ ಮೇಲೆ ಹತ್ತಿ ಬಯಲು ಸೇರಿದರು. ಐವರು ಸ್ಕೀ ಮೇಲೆ ನೂರಾರು ಕಿಲೋಮೀಟರ್ ಸಾಗಿ ಸ್ವೀಡನ್ ಮುಟ್ಟಿದರು. ಸಾವಿರಾರು ಸೈನಿಕರು ಹುಡುಕಿದರೂ ಯಾರೂ ಸಿಗಲಿಲ್ಲ. ಹೆಲ್‌ಬರ್ಗ್‌ನ ಪಾಡು ಮಾತ್ರ ಬೇರೆಯೇ ಆಯಿತು. ಜರ್ಮನ್ನರು ಸ್ಕೀ ಮೇಲೆ ಅಟ್ಟಿಸಿಕೊಂಡು ಬಂದರು, ತಪ್ಪಿಸಿಕೊಂಡ. ಬಂಡೆಯಿಂದ ಬಿದ್ದು ತೋಳು ಮುರಿದುಕೊಂಡ. ತಾನು ಜರ್ಮನ್ನರ ಕಡೆಯವನೆಂದು ನಂಬಿಸಿ ಅವರ ಡಾಕ್ಟರಿಂದಲೇ ಔಷಧಿ ಮಾಡಿಸಿಕೊಂಡ. ಕೊನೆಗೆ ಬೇರೆ ಕಾರಣಕ್ಕೆ ಹಿಡಿದು ಬಸ್ಸಿನಲ್ಲಿ ಒಯ್ಯುವಾಗ ಹೊರಗೆ ಹಾರಿ ಓಡಿದ. ಸಿನಿಮಾದಲ್ಲಿ ಹೀಗೆ ತೋರಿಸಿದರೆ ಜನ ನಂಬುವುದಿಲ್ಲ.

ಸಿನಿಮಾದ ಮಾತಿಗೆ ಬಂದರೆ, ಈ ಕಥೆ ತೆರೆಗೆ ಬಂದದ್ದು 1965ರಲ್ಲಿ ಮೊದಲಲ್ಲ. 1948ರಲ್ಲೇ ನಾರ್ವೆ ಮತ್ತು ಫ್ರಾನ್ಸ್ ಸೇರಿ ಒಂದು ಚಿತ್ರ ಮಾಡಿದ್ದವು. ಅದರಲ್ಲಿ ನಿಜವಾದ ಸಾಹಸಿಗಳು ಹಲವರು ತಮ್ಮ ಪಾತ್ರವನ್ನು ತಾವೇ ಮಾಡಿದರು. ಐದು ವರ್ಷದ ಹಿಂದೆ ಸಾವಿನ ಜೊತೆ ತೆವಳಿದ್ದನ್ನು ಕ್ಯಾಮೆರಾ ಮುಂದೆ ಮತ್ತೆ ತೆವಳಿ ತೋರಿಸಿದರು. ಆಂಟನಿ ಮಾನ್ ನಿರ್ದೇಶಿಸಿದ 1965ರ ಚಿತ್ರ ರ್ಯೂಕನ್ ಸುತ್ತಮುತ್ತಲೇ ತೆಗೆದದ್ದು. ಆ ಕಣಿವೆ, ಆ ಹಿಮ, ಆ ಕಟ್ಟಡ ನಿಜವಾದವು. ಅದಕ್ಕೋಸ್ಕರವಾದರೂ ನೋಡಬೇಕು. ಆದರೆ ಡಗ್ಲಸ್ ಮಾಡಿರುವ ರೋಲ್ಫ್ ಪೆಡರ್ಸನ್ ಎಂಬ ಭೌತವಿಜ್ಞಾನಿ ಕಲ್ಪನೆ. ದಾಳಿಗೆ ಹೋದ ಒಂಬತ್ತು ಜನರಲ್ಲಿ ಅಂಥ ವಿಜ್ಞಾನಿ ಯಾರೂ ಇರಲಿಲ್ಲ. ಟ್ರೊನ್‌ಸ್ಟಾಡ್ ಅವರ ತಲೆಯನ್ನು ಕಮಾಂಡೋ ಒಬ್ಬನ ಮೈಗೆ ಜೋಡಿಸಿದ ಹಾಗೆ ಆ ಪಾತ್ರ. ಹ್ಯಾರಿಸ್ ಮಾಡಿದ ಕ್ನೂಟ್ ಪಾತ್ರಕ್ಕೆ ಹೌಕೆಲಿದ್ ಮೂಲ. ಇನ್ನೊಂದು ವಿಷಯ, ಹೌಕೆಲಿದ್‌ನ ಅವಳಿ ಸಹೋದರಿ ಸಿಗ್ರಿದ್ ಗೂರಿ ಹಾಲಿವುಡ್‌ನಲ್ಲಿ ನಟಿಯಾಗಿದ್ದವಳು.

ಇಂಥ ಬದಲಾವಣೆ ನನಗೆ ತಪ್ಪು ಅನಿಸುವುದಿಲ್ಲ. ಎರಡು ಗಂಟೆಯಲ್ಲಿ ಹದಿನೈದು ಜನರ ಕಥೆ ಹೇಳಲಾಗದು. ನನಗೆ ಒಪ್ಪಿಗೆಯಾಗದಿರುವುದು ಕೊನೆಯ ಭಾಗ. ಅದಕ್ಕೆ ಈಗ ಬರುತ್ತೇನೆ.

ಕೆಲವೇ ತಿಂಗಳಲ್ಲಿ ಜರ್ಮನ್ನರು ಘಟಕವನ್ನು ಸರಿಮಾಡಿಕೊಂಡರು. 1943ರ ನವೆಂಬರ್ 16ರಂದು ಅಮೆರಿಕದ ನೂರಕ್ಕೂ ಹೆಚ್ಚು ವಿಮಾನಗಳು ಬಂದು ಬಾಂಬುಗಳ ಮಳೆ ಸುರಿಸಿದವು. ನೆಲಮಾಳಿಗೆಯ ಡಬ್ಬಿಗಳಿಗೆ ಏನೂ ಆಗಲಿಲ್ಲ. ಊರಿನ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಾಲ್ಕು ಜನ ಒಳಗಿಳಿದು ಅರ್ಧ ತಾಸಿನಲ್ಲಿ ಮಾಡಿದ್ದನ್ನು ಇಷ್ಟು ವಿಮಾನಗಳಿಗೆ ಮಾಡಲಾಗಲಿಲ್ಲ. ಆದರೆ ಇನ್ನು ಇಲ್ಲಿ ಉಳಿಗಾಲವಿಲ್ಲ ಅಂತ ಜರ್ಮನ್ನರಿಗೆ ಅನಿಸಿತು. ಇದ್ದಬದ್ದ ಭಾರಜಲವನ್ನು ಪೀಪಾಯಿಗಳಲ್ಲಿ ತುಂಬಿ ಜರ್ಮನಿಗೆ ಸಾಗಿಸಲು ಹೊರಟರು.

ದಾರಿಯಲ್ಲಿ ಟಿನ್ ಸರೋವರ. ರೈಲು ಡಬ್ಬಿಗಳನ್ನೇ ಹತ್ತಿಸಿಕೊಂಡು ದಾಟಿಸುವ ‘ಹೈಡ್ರೋ’ ಎಂಬ ಫೆರ್ರಿ ಇತ್ತು. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಬಸ್ಸು ಕಾರು ಹತ್ತಿಸಿಕೊಂಡು ಹೋಗುತ್ತಿದ್ದ ಲಾಂಚ್ ನೆನಪಿದೆಯಲ್ವಾ, ಅದರ ದೊಡ್ಡಣ್ಣ ಅಂದುಕೊಳ್ಳಿ. ಲಾಂಚ್‌ನಲ್ಲಿ ಹೇಗೋ ಹಾಗೆಯೇ ಅದರಲ್ಲೂ ಊರಿನ ಜನ ಇರುತ್ತಿದ್ದರು. ನೆಂಟರ ಮನೆಗೆ ಹೋಗುವವರು, ಕೆಲಸಕ್ಕೆ ಹೋಗುವವರು, ಮಕ್ಕಳು.

ಹೌಕೆಲಿದ್ ಆ ಭಾಗದಲ್ಲೇ ಉಳಿದಿದ್ದ. ಫೆರ್ರಿ ಮುಳುಗಿಸುವುದೊಂದೇ ದಾರಿ ಅಂತ ಅವನಿಗೆ ಕಂಡಿತು. ಮುಳುಗಿಸಿದರೆ ನಮ್ಮವರೇ ಸಾಯುತ್ತಾರೆ, ಆ ನೀರು ಅಷ್ಟು ಮುಖ್ಯವೇ ಎಂದು ರೇಡಿಯೋ ಮೂಲಕ ಲಂಡನ್ನಿಗೆ ಕೇಳಿದರು. ಮುಖ್ಯ, ಮುಳುಗಿಸಿ ಎಂದು ಉತ್ತರ ಬಂತು. ಭಾನುವಾರ ಬೆಳಿಗ್ಗೆ ಜನ ಕಡಿಮೆ ಇರುತ್ತಾರೆ ಎಂದು ಆ ದಿನವನ್ನೇ ಆರಿಸಿಕೊಂಡರು.

1944ರ ಫೆಬ್ರವರಿ 20. ಇನ್ನೂ ಬೆಳಕು ಹರಿದಿರಲಿಲ್ಲ. ಹೌಕೆಲಿದ್ ಮತ್ತಿಬ್ಬರು ಫೆರ್ರಿ ಹತ್ತಿದರು. ಫೆರ್ರಿಯ ಕಾವಲುಗಾರ, ಅವನೂ ನಾರ್ವೆಯವನೇ, ನೋಡಿಬಿಟ್ಟ. ಪೊಲೀಸರಿಂದ ತಲೆಮರೆಸಿಕೊಂಡಿದ್ದೇವೆ, ಬಚ್ಚಿಟ್ಟುಕೊಳ್ಳಲು ಜಾಗ ಬೇಕು ಅಂದರು. ಅವನು ನಂಬಿ, ಒಳ್ಳೆಯ ಮನಸ್ಸಿನಿಂದ ಕೆಳಗೆ ಇಳಿಯುವ ದಾರಿ ತೋರಿಸಿದ. ತಳದಲ್ಲಿ ನಿಂತ ನೀರಿನಲ್ಲಿ ತೆವಳಿ, ಮುಂಭಾಗದಲ್ಲಿ ಎಂಟೂವರೆ ಕೆಜಿಯಷ್ಟು ಸ್ಫೋಟಕವನ್ನು ಸುತ್ತಿ ಇಟ್ಟರು. ಅಲಾರಾಂ ಗಡಿಯಾರಗಳನ್ನು ಬೆಳಿಗ್ಗೆ 10:45ಕ್ಕೆ ಹೊಂದಿಸಿದರು. ಆ ಹೊತ್ತಿಗೆ ಫೆರ್ರಿ ಆಳವಾದ ಕಡೆ ಇರುತ್ತದೆ. ಮುಂಭಾಗ ಒಡೆದರೆ ಮೂತಿ ಕೆಳಗಾಗಿ, ಹಿಂದಿನ ಪ್ರೊಪೆಲ್ಲರ್ ಮೇಲೆದ್ದು, ದಡಕ್ಕೆ ಓಡಿಸಲು ಆಗುವುದಿಲ್ಲ. ಇಳಿದು ಹೋಗುವಾಗ ಹೌಕೆಲಿದ್ ಆ ಕಾವಲುಗಾರನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಅದಕ್ಕಿಂತ ಹೆಚ್ಚಿಗೆ ಏನೂ ಹೇಳುವಂತಿರಲಿಲ್ಲ.

ಫೆರ್ರಿ ಮುಳುಗಿತು. 18 ಜನ ಸತ್ತರು, ಅವರಲ್ಲಿ 14 ಮಂದಿ ನಾರ್ವೆಯ ಸಾಮಾನ್ಯ ಜನ.

ಸಿನಿಮಾದಲ್ಲಿ ಏನಾಗುತ್ತದೆ ಗೊತ್ತೇ? ಪೆಡರ್ಸನ್ ತಾನೇ ಫೆರ್ರಿ ಹತ್ತುತ್ತಾನೆ. ಆಟ ಆಡಿಸುವ ನೆಪದಲ್ಲಿ ಮಕ್ಕಳನ್ನು ಹಿಂಭಾಗಕ್ಕೆ ಕರೆದು ಲೈಫ್ ಜಾಕೆಟ್ ಹಾಕಿಸುತ್ತಾನೆ. ನೋಡುವಾಗ ಎದೆ ಹಗುರಾಗುತ್ತದೆ. ಆದರೆ ಆ ಭಾನುವಾರ ಅಂಥ ಆಟವನ್ನು ಯಾರೂ ಆಡಿಸಲಿಲ್ಲ. ಒಂದು ಮಾತು ಹೊರಬಿದ್ದರೂ ಜರ್ಮನ್ನರಿಗೆ ತಿಳಿದು ಎಲ್ಲ ಕೆಡುತ್ತಿತ್ತು. ನೆಲಮಾಳಿಗೆಯಲ್ಲಿ ಒಬ್ಬನ ಕನ್ನಡಕಕ್ಕಾಗಿ ನಿಂತ ತಂಡದವರೇ ಇಲ್ಲಿ ಬಾಯಿ ಮುಚ್ಚಿಕೊಂಡು ಹೋಗಬೇಕಾಯಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಆ ಮನುಷ್ಯರ ಮೇಲೆ ಬಿದ್ದ ಹೊರೆ ಎಷ್ಟು ಅಂತ ತಿಳಿಯುವುದು. ಸಿನಿಮಾ ಆ ಹೊರೆಯನ್ನು ನಮ್ಮ ಸಮಾಧಾನಕ್ಕಾಗಿ ಇಳಿಸಿಬಿಟ್ಟಿದೆ. ನನ್ನ ತಕರಾರು ಅದು.

ಹಾಗಾದರೆ ಇವರು ಹಿಟ್ಲರನ ಅಣುಬಾಂಬನ್ನು ತಡೆದರೇ? ನೇರವಾಗಿ ಹೌದು ಅನ್ನುವುದು ಕಷ್ಟ. 1942ರ ಬೇಸಿಗೆಯ ಹೊತ್ತಿಗೇ ಬಾಂಬಿಗಾಗಿ ದೊಡ್ಡ ಮಟ್ಟದಲ್ಲಿ ದುಡ್ಡು ಸುರಿಯುವ ಯೋಚನೆಯನ್ನು ಜರ್ಮನಿ ಬಿಟ್ಟಿತ್ತು. ಸಂಶೋಧನೆ ಮಾತ್ರ ಮುಂದುವರಿಯಿತು. 1945ರಲ್ಲಿ ಹೈಗರ್‌ಲೋಖ್ ಎಂಬ ಊರಿನ ಗುಹೆಯಲ್ಲಿ ವರ್ನರ್ ಹೈಸನ್‌ಬರ್ಗ್ ತಂಡ 664 ಯುರೇನಿಯಂ ತುಂಡುಗಳನ್ನು ಸುಮಾರು ಒಂದೂವರೆ ಟನ್ ಭಾರಜಲದಲ್ಲಿ ಇಳಿಬಿಟ್ಟು ಪ್ರಯತ್ನಿಸಿತು. ಸರಪಳಿ ಕ್ರಿಯೆ ತಾನಾಗಿ ನಡೆಯುವ ಹಂತ ಮುಟ್ಟಲಿಲ್ಲ. ಇನ್ನಷ್ಟು ಯುರೇನಿಯಂ, ಇನ್ನಷ್ಟು ಭಾರಜಲ ಬೇಕಿತ್ತು. ಆ ‘ಇನ್ನಷ್ಟು’ ಸಿಗದ ಹಾಗೆ ಮಾಡಿದ್ದರಲ್ಲಿ ವೆಮೊರ್ಕ್‌ನವರ ಪಾಲು ಖಂಡಿತ ಇದೆ. ಬಾಂಬು ಮಾತ್ರ ಇನ್ನೂ ಬಹಳ ದೂರ ಇತ್ತು. ಆದರೆ 1943ರಲ್ಲಿ ಲಂಡನ್ನಿನಲ್ಲಿ ಕೂತವರಿಗೆ, ಹಿಮದಲ್ಲಿ ಪಾಚಿ ತಿನ್ನುತ್ತಿದ್ದವರಿಗೆ ಇದು ಗೊತ್ತಿರಲಿಲ್ಲ. ಇಂದು ಪುಸ್ತಕ ತೆರೆದು ಕೂತ ನಮಗೆ ಇರುವ ಈ ತಿಳಿವಳಿಕೆಯಿಂದ ಅವರನ್ನು ಅಳೆಯುವುದು ನ್ಯಾಯವಲ್ಲ.

ರೊನ್ನೆಬರ್ಗ್ 2018ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ಟ್ರೊನ್‌ಸ್ಟಾಡ್ ಮತ್ತೆ ನಾರ್ವೆಗೆ ಬಂದು ಹೋರಾಡುತ್ತಿದ್ದಾಗ 1945ರ ಮಾರ್ಚಿನಲ್ಲಿ, ಯುದ್ಧ ಮುಗಿಯಲು ಎರಡು ತಿಂಗಳಿರುವಾಗ, ಕೊಲೆಯಾದರು. ವೆಮೊರ್ಕ್‌ನ ವಿದ್ಯುತ್ ಕೇಂದ್ರ ಈಗ ಮ್ಯೂಸಿಯಂ. ರ್ಯೂಕನ್ 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಫೆರ್ರಿ ಟಿನ್ ಸರೋವರದ ತಳದಲ್ಲಿ, ಸುಮಾರು 430 ಮೀಟರ್ ಆಳದಲ್ಲಿ ಇನ್ನೂ ಇದೆ. ಮುಳುಗಿ ಅರವತ್ತು ವರ್ಷದ ನಂತರ, ಅದರಲ್ಲಿ ನಿಜವಾಗಿ ಭಾರಜಲ ಇತ್ತೇ ಎಂದು ನೋಡಲು ಒಂದು ಪೀಪಾಯಿಯನ್ನು ಮೇಲೆತ್ತಿದರು. ಅದರ ಸಂಖ್ಯೆ 26. ತೆರೆದು ಪರೀಕ್ಷಿಸಿದಾಗ, ಆ ಕಾಲದ ಸಾಗಣೆ ಪಟ್ಟಿಯಲ್ಲಿ 26ರ ಮುಂದೆ ಎಷ್ಟು ಬರೆದಿತ್ತೋ ಅಷ್ಟೇ ಭಾರಜಲ ಅದರೊಳಗಿತ್ತು. ಮಿಕ್ಕ ಪೀಪಾಯಿಗಳನ್ನು ಸತ್ತವರ ಜೊತೆ ಅಲ್ಲೇ ಬಿಟ್ಟರು.